ಫಿರಂಗಿ ಕಳಚಿದ ಪ್ರೀಸ್ಟ್: 1:35 ಅಳತೆಯಲ್ಲೊಂದು ಕಾಂಗರೂ

ಟ್ಯಾಂಕಿನಂಥ ವಾಹನದ ಪ್ಲಾಸ್ಟಿಕ್ ಮಾದರಿಯನ್ನು ಬೇರೊಂದು ರೂಪಕ್ಕೆ ಬದಲಿಸುವ ಬಿಡಿಭಾಗಗಳಿಗೆ ಕನ್ವರ್ಶನ್ ಕಿಟ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಸೇರಿಸುವ ಕೆಲಸ. ಉದ್ದನೆಯ ನಳಿಗೆ, ಹೊಸ ಗೋಪುರ, ಮೇಲೊಂದು ಪದರ ಕವಚ. ಈ ಸಲ ನಾನು ಕೈಗೆತ್ತಿಕೊಂಡದ್ದು ತೆಗೆಯುವ ಕೆಲಸ. ಎಂ7 ಪ್ರೀಸ್ಟ್ ಎಂಬ ಅಮೆರಿಕದ ಫಿರಂಗಿ ವಾಹನದಿಂದ ಫಿರಂಗಿಯನ್ನೇ ಕಿತ್ತು, ಆ ಜಾಗಕ್ಕೆ ಉಕ್ಕಿನ ಹಲಗೆ ಬೆಸೆದು, ಒಳಗೆ ಕಾಲಾಳುಗಳನ್ನು ತುಂಬಿಕೊಂಡು ಹೋದ ಕಾಂಗರೂ. ಮೂಲ ಕಿಟ್‌ನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಚೆಂದವಾಗಿ ಅಚ್ಚಾಗಿದ್ದ 105 ಮಿ.ಮೀ. ಹೊವಿಟ್ಜರ್ ನೇರವಾಗಿ ಬಿಡಿಭಾಗಗಳ ಡಬ್ಬಿಗೆ ಹೋಯಿತು.

ಈ ವಾಹನದ ಕತೆ ಗೊತ್ತಿಲ್ಲದೆ ಮಾದರಿಯನ್ನು ಸರಿಯಾಗಿ ಕಟ್ಟಲು ಬರುವುದಿಲ್ಲ, ಆದ್ದರಿಂದ ಅಷ್ಟನ್ನು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ, 1944ರ ಆಗಸ್ಟ್ ಆರಂಭ, ಫ್ರಾನ್ಸಿನ ನಾರ್ಮಂಡಿ. ಕಾನ್ ಪಟ್ಟಣದ ದಕ್ಷಿಣಕ್ಕೆ ಫಲೇಜ್ ದಿಕ್ಕಿನಲ್ಲಿ ನುಗ್ಗಬೇಕಿದ್ದ ಕೆನಡಾದ 2ನೇ ಕೋರ್‌ನ ದಂಡನಾಯಕ ಲೆಫ್ಟಿನೆಂಟ್ ಜನರಲ್ ಗೈ ಸೈಮಂಡ್ಸ್ ಅವರ ಮುಂದಿದ್ದದ್ದು ಮರೆಯಿಲ್ಲದ ಗೋಧಿ ಬಯಲು. ಟ್ಯಾಂಕುಗಳು ಮುಂದೆ ಹೋದರೂ ಜೊತೆಗಿದ್ದ ಕಾಲಾಳುಗಳು ಮೆಷಿನ್ ಗನ್, ಮಾರ್ಟರ್ ಏಟಿಗೆ ಸಿಕ್ಕಿ ಅಲ್ಲೇ ನೆಲಕಚ್ಚುತ್ತಿದ್ದರು. ಅದೇ ಹೊತ್ತಿಗೆ ಕೆನಡಾದ 3ನೇ ಡಿವಿಷನ್‌ನ ಫಿರಂಗಿ ರೆಜಿಮೆಂಟ್‌ಗಳು ತಮ್ಮ ಪ್ರೀಸ್ಟ್‌ಗಳನ್ನು ಬಿಟ್ಟುಕೊಟ್ಟು, ಎಳೆದೊಯ್ಯುವ 25-ಪೌಂಡರ್ ಫಿರಂಗಿಗಳಿಗೆ ಮರಳುತ್ತಿದ್ದವು. ಹಾಗೆ ಕೈಬಿಟ್ಟ ವಾಹನಗಳನ್ನು ಸೈಮಂಡ್ಸ್ ಕೇಳಿ ಪಡೆದರು. ಕಾಂಗರೂ ಎಂಬ ಗುಪ್ತನಾಮದ ತಾತ್ಕಾಲಿಕ ಕಾರ್ಯಾಗಾರವೊಂದು ಒಂದು ವಾರದೊಳಗೆ 70ಕ್ಕಿಂತ ಹೆಚ್ಚು ಪ್ರೀಸ್ಟ್‌ಗಳ ಫಿರಂಗಿ ಕಿತ್ತು, ಮುಂದಿನ ಕಿಂಡಿ ಮುಚ್ಚಿ ಕೊಟ್ಟಿತು. ಸರಿಯಾದ ಕವಚದ ಹಲಗೆ ಸಿಕ್ಕಿದಲ್ಲಿ ಅದನ್ನೇ ಬೆಸೆದರು. ಸಿಗದಿದ್ದಲ್ಲಿ ಎರಡು ಸಾಮಾನ್ಯ ಉಕ್ಕಿನ ತಗಡುಗಳ ನಡುವೆ ಮರಳು ತುಂಬಿದರು. ಆಗಸ್ಟ್ 7ರ ರಾತ್ರಿ ಟೋಟಲೈಸ್ ಕಾರ್ಯಾಚರಣೆ ಆರಂಭವಾದಾಗ ಕೆನಡಾದ 4ನೇ ಕಾಲಾಳು ಬ್ರಿಗೇಡ್ ಮತ್ತು 51ನೇ ಹೈಲ್ಯಾಂಡ್ ಡಿವಿಷನ್‌ನ 154ನೇ ಬ್ರಿಗೇಡ್ ಇವುಗಳಲ್ಲಿ ಕುಳಿತು ಶತ್ರು ಸಾಲುಗಳ ಹಿಂದಕ್ಕೆ ಹೋದವು. ಕಾರ್ಯಾಗಾರದ ಹೆಸರು ವಾಹನಕ್ಕೇ ಅಂಟಿಕೊಂಡಿತು.

ಅಂದರೆ ಅಸಲಿ ವಾಹನವೇ ಒಂದು ಕನ್ವರ್ಶನ್, ಅದೂ ಅವಸರದ್ದು. ಅದರ ಮಾದರಿ ನಯವಾಗಿ, ಮೂಲೆ ಮೂಲೆಯೂ ಕೂಡಿಕೊಂಡಂತೆ ಕಂಡರೆ ಅದೇ ದೊಡ್ಡ ಸುಳ್ಳು. ನನ್ನ ಕೈಗೆ ಬಂದ ಕನ್ವರ್ಶನ್ ಕಿಟ್, ಅಂದರೆ ರೆಸಿನ್ ಎಂಬ ಗಟ್ಟಿ ರಾಳದಲ್ಲಿ ಎರಕ ಹೊಯ್ದ ಬಿಡಿಭಾಗಗಳ ಕಿಟ್‌ನ ದೋಷ ಇದೇ ಆಗಿತ್ತು. ಅದರ ಅಚ್ಚು ಕೆಟ್ಟದ್ದೇನಲ್ಲ. ಆದರೆ ಮುಂದಿನ ಹಲಗೆ ಕಿಂಡಿಯೊಳಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುವಂತೆ ಮಾಡಿದ್ದಾರೆ. ಅಂಚು ಕನ್ನಡಿಯಂತೆ ನೇರ, ಬೆಸುಗೆಯ ಗುರುತೇ ಇಲ್ಲ. ಗ್ಯಾಸ್ ಕಟರ್ ಹಿಡಿದು ರಾತ್ರಿ ಹಗಲೆನ್ನದೆ ದುಡಿದ ಬೆಸುಗೆಗಾರನಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಕಿಟ್‌ನಲ್ಲಿದ್ದದ್ದು ಇಷ್ಟು: ಮುಂದಿನ ಮುಚ್ಚು ಹಲಗೆ, ಅದರ ಒಳಮೈ ತುಂಡು, ಫಿರಂಗಿಯ ಪೀಠವಿಲ್ಲದ ನೆಲ, ಗುಂಡಿನ ಗೂಡುಗಳಿಲ್ಲದ ಪಕ್ಕದ ಗೋಡೆಗಳು, ಒಂದಷ್ಟು ಹೊರೆ ಸಾಮಾನು, ರಾಸಾಯನಿಕದಿಂದ ಕೊರೆದ ಬಿಡಿಭಾಗಗಳ ಸಣ್ಣದೊಂದು ಫೋಟೊ-ಎಚ್ ಹಿತ್ತಾಳೆ ತಗಡು, ಗುರುತುಗಳನ್ನು ಅಂಟಿಸಲು ಡೆಕಾಲ್ ಹಾಳೆ.

ರೆಸಿನ್‌ನೊಂದಿಗೆ ಮೊದಲ ಕೆಲಸ ತೊಳೆಯುವುದು. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಎರಕದ ಗಟ್ಟಿಗಳನ್ನು ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ, ಒದ್ದೆ ಉಪ್ಪುಕಾಗದದ ಮೇಲೆ ಉಜ್ಜಿದೆ. ಒಣಗಿದ್ದಾಗ ಉಜ್ಜಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಮಾಡಿ ಉಜ್ಜಿ, ಮೇಲಿಂದ ಮುಖಗವಸನ್ನೂ ಹಾಕಿಕೊಳ್ಳಿ. ನೆಲದ ತುಂಡು ಸ್ವಲ್ಪ ಡೊಂಕಾಗಿತ್ತು. ಬಿಸಿ ನೀರಿನಲ್ಲಿ ಅದ್ದಿ, ಮೆತ್ತಗಾದಾಗ ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿದರೆ ನೇರವಾಗುತ್ತದೆ. ಗಾಳಿಗುಳ್ಳೆಗಳ ತೂತುಗಳಿಗೆ ಸೂಪರ್ ಗ್ಲೂ ಹನಿ ಬಿಟ್ಟು, ಗಟ್ಟಿಯಾದೊಡನೆ ಉಜ್ಜಿದೆ. ತುಂಬ ಹೊತ್ತು ಬಿಟ್ಟರೆ ಅದು ರೆಸಿನ್‌ಗಿಂತ ಗಡುಸಾಗಿ, ಉಜ್ಜುವಾಗ ಅದರ ಸುತ್ತ ಗುಳಿ ಬೀಳುತ್ತದೆ.

ಇನ್ನು ದಪ್ಪದ ವಿಷಯ. ತೆರೆದ ಮೈಯ ವಾಹನಗಳಲ್ಲಿ ಇದನ್ನು ಕಡೆಗಣಿಸುವಂತೆಯೇ ಇಲ್ಲ. ಎಂ7 ವಾಹನದ ಮೇಲ್ಗೋಡೆಗಳು ಅರ್ಧ ಇಂಚು, ಅಂದರೆ 12.7 ಮಿ.ಮೀ. ದಪ್ಪ. 35ರಿಂದ ಭಾಗಿಸಿದರೆ 0.36 ಮಿ.ಮೀ. ಮೂಲ ಕಿಟ್‌ನ ಪ್ಲಾಸ್ಟಿಕ್ ಗೋಡೆ ಸುಮಾರು 1 ಮಿ.ಮೀ. ಇದೆ, ಅಸಲಿ ಲೆಕ್ಕದಲ್ಲಿ ಅದು 35 ಮಿ.ಮೀ. ಉಕ್ಕು. ರೆಸಿನ್ ಗೋಡೆ ಅದಕ್ಕಿಂತಲೂ ದಪ್ಪ. ಮೇಲಿನಿಂದ ಇಣುಕುವವನಿಗೆ ಮೊದಲು ಕಾಣುವುದೇ ಗೋಡೆಯ ಮೇಲಂಚು. ಅದು ಕೋಟೆಗೋಡೆಯಷ್ಟು ದಪ್ಪವಿದ್ದರೆ ಉಳಿದ ಯಾವ ಕುಸುರಿಯೂ ಕಣ್ಣಿಗೆ ಬೀಳುವುದಿಲ್ಲ. ಇಡೀ ಗೋಡೆಯನ್ನು ತೆಳುಗೊಳಿಸುವ ಅಗತ್ಯವಿಲ್ಲ. ಮೇಲಂಚಿನಿಂದ ನಾಲ್ಕೈದು ಮಿ.ಮೀ. ಕೆಳಗಿನವರೆಗೆ ಒಳಮೈಯನ್ನು ಓರೆಯಾಗಿ ಕೆರೆಯುತ್ತ ಬಂದರೆ ಅಂಚು ತೆಳ್ಳಗೆ ಕಾಣುತ್ತದೆ, ಬುಡ ಗಟ್ಟಿಯಾಗಿಯೇ ಉಳಿಯುತ್ತದೆ. ಚಾಕುವಿನ ಅಲಗನ್ನು ಲಂಬವಾಗಿ ಹಿಡಿದು ತನ್ನತ್ತ ಎಳೆಯುವುದು, ಆಮೇಲೆ ಅರ, ಕೊನೆಗೆ 600ರ ಉಪ್ಪುಕಾಗದ. ಬೇಸರದ ಕೆಲಸ, ಆದರೆ ಇಡೀ ಮಾದರಿಯಲ್ಲಿ ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಪ್ರತಿಫಲ ಕೊಟ್ಟದ್ದು ಇದೇ. ಪ್ರೀಸ್ಟ್‌ಗೆ ಆ ಹೆಸರು ತಂದುಕೊಟ್ಟ ಬಲ ಮುಂಭಾಗದ, ಚರ್ಚಿನಲ್ಲಿ ಪಾದ್ರಿ ನಿಲ್ಲುವ ಕಟಕಟೆಯಂಥ ಉರುಟು ಮೆಷಿನ್ ಗನ್ ಕಟಾಂಜನಕ್ಕೂ ಇದೇ ಉಪಚಾರ. ಅಲ್ಲಿ ಅಲಗು ಸರಿಯಾಗಿ ಆಡುವುದಿಲ್ಲ, ಪೆನ್ಸಿಲ್‌ಗೆ ಸುತ್ತಿದ ಉಪ್ಪುಕಾಗದ ಚೆನ್ನಾಗಿ ಕೆಲಸ ಮಾಡಿತು.

ಮುಂದಿನ ಹಲಗೆಗೆ ಬರೋಣ. ಕಿಟ್‌ನ ರೆಸಿನ್ ಹಲಗೆಯನ್ನು ಅಂಟಿಸದೆ ಅಳತೆಗೆ ಮಾತ್ರ ಬಳಸಿಕೊಂಡೆ. ದುಡ್ಡು ಕೊಟ್ಟು ತಂದ ತುಂಡನ್ನು ಪಕ್ಕಕ್ಕಿಡುವುದು ದಂಡ ಎನ್ನುವವರಿದ್ದಾರೆ. ಕನ್ವರ್ಶನ್ ಕಿಟ್‌ನ ಅರ್ಧ ಬೆಲೆ ಅದರ ಅಳತೆಗಳಿಗೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ನಾನು ಆಯ್ದುಕೊಂಡದ್ದು ಮರಳು ತುಂಬಿದ ಜೋಡಿ ತಗಡಿನ ಬಗೆ. 0.3 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಎರಡು ತುಂಡು ಕತ್ತರಿಸಿದೆ. ಹೊರಗಿನದು ಕಿಂಡಿಗಿಂತ ಸುತ್ತಲೂ ಎರಡು ಮಿ.ಮೀ. ದೊಡ್ಡದು, ಅದು ಕಿಂಡಿಯ ಮೇಲೆ ಹೇರಿಕೊಂಡು ಕೂರುತ್ತದೆ. ಒಳಗಿನದು ಸ್ವಲ್ಪ ಚಿಕ್ಕದು. ನಡುವೆ ಪ್ಲಾಸ್ಟಿಕ್ ಪಟ್ಟಿಗಳ ಚೌಕಟ್ಟು ಕೊಟ್ಟು ಸಂದು ಬಿಟ್ಟೆ, ಮೇಲಿನ ಬಾಯನ್ನು ಇನ್ನೊಂದು ಪಟ್ಟಿಯಿಂದ ಮುಚ್ಚಿದೆ. ಮರಳಿನ ಒತ್ತಡಕ್ಕೆ ಹೊರತಗಡು ಒಂದಿಷ್ಟು ಉಬ್ಬಿದಂತೆ ಕಾಣಲಿ ಎಂದು ಬೆರಳಿನಿಂದ ಒತ್ತಿ ಬಾಗಿಸಿದ್ದೇನೆ. ನೇರವಾಗಿ ನೋಡಿದರೆ ತಿಳಿಯುವುದಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ತಿಳಿಯುತ್ತದೆ.

ಹೊರತಗಡಿನ ಅಂಚು ಗ್ಯಾಸ್ ಕಟರ್‌ನಿಂದ ಕೊಯ್ದಂತಿರಬೇಕು. ಕೊಯ್ದ ಉಕ್ಕಿನ ಅಂಚಿನಲ್ಲಿ ಜ್ವಾಲೆ ಹರಿದ ಸಣ್ಣ ಗೀರುಗಳು ಅಡ್ಡಡ್ಡ ಸಾಲಾಗಿ ಉಳಿಯುತ್ತವೆ, ಕೈ ನಡುಗಿದಲ್ಲಿ ಕಚ್ಚು ಬೀಳುತ್ತದೆ. ಇದಕ್ಕೆ ಸಣ್ಣ ಅರದ ಮೂಲೆಯಿಂದ ಅಂಚಿನುದ್ದಕ್ಕೂ ಒತ್ತೊತ್ತಾಗಿ ಗೀರಿದೆ. ಅಲ್ಲಲ್ಲಿ ಆಳ, ಅಲ್ಲಲ್ಲಿ ತೇಲಿಕೆ. ಸಮನಾಗಿ ಗೀರಿದರೆ ಬಾಚಣಿಗೆಯಾಗಿಬಿಡುತ್ತದೆ.

ಈಗ ಬೆಸುಗೆ. ಈ ಮಾದರಿಯ ಜೀವ ಇರುವುದೇ ಅಲ್ಲಿ. ಬೆಸುಗೆಯ ಗೆರೆ ತೋರಿಸಲು ಎರಡು ದಾರಿ ಬಳಸಿದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಕೂಡುವ ಕಡೆ ಸ್ಪ್ರೂ ಎಳೆ. ಮೂಲ ಕಿಟ್‌ನ ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟೇ ಸ್ಪ್ರೂ, ಅದರ ತುಂಡನ್ನು ಮೋಂಬತ್ತಿಯ ಬಿಸಿಗೆ ಹಿಡಿದು, ಮೆತ್ತಗಾದೊಡನೆ ಎಳೆದರೆ ದಾರದಂತೆ ತೆಳ್ಳಗಾಗುತ್ತದೆ. ಅಸಲಿ ಬೆಸುಗೆಯ ಅಗಲ ಒಂದು ಸೆಂಟಿಮೀಟರ್ ಎಂದುಕೊಂಡರೆ ನಮಗೆ ಬೇಕಾದದ್ದು 0.3 ಮಿ.ಮೀ. ಎಳೆ. ಅದನ್ನು ಸಂದಿಗುಂಟ ಇಟ್ಟು ತೆಳು ಪ್ಲಾಸ್ಟಿಕ್ ಅಂಟನ್ನು ಧಾರಾಳವಾಗಿ ಸವರಬೇಕು. ಅಂಟು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಕ. ಎಳೆ ಬೆಣ್ಣೆಯಷ್ಟು ಮೆತ್ತಗಾದಾಗ ಮೊಂಡಾದ ಚಾಕುವಿನ ತುದಿಯಿಂದ ಅರ್ಧಚಂದ್ರದ ಕಚ್ಚುಗಳನ್ನು ಒಂದರ ಪಕ್ಕ ಒಂದು ಒತ್ತುತ್ತ ಹೋಗಬೇಕು. ರೆಸಿನ್ ಇರುವಲ್ಲಿ ಈ ಉಪಾಯ ನಡೆಯದು, ಏಕೆಂದರೆ ಆ ದ್ರಾವಕ ರೆಸಿನ್ ಅನ್ನು ಮುಟ್ಟುವುದೇ ಇಲ್ಲ. ಅಲ್ಲಿ ಎಪಾಕ್ಸಿ ಪುಟ್ಟಿಯನ್ನು ಎರಡು ಗಾಜಿನ ಚೂರುಗಳ ನಡುವೆ ಹೊಸೆದು ಎಳೆ ಮಾಡಿಕೊಂಡೆ, ಒದ್ದೆ ಬೆರಳಿನಿಂದ ಕೂರಿಸಿ ಅದೇ ರೀತಿ ಕಚ್ಚು ಹಾಕಿದೆ. ಪುಟ್ಟಿಗೆ ಗಂಟೆಗಟ್ಟಲೆ ಸಮಯವಿರುತ್ತದೆ, ಅವಸರವಿಲ್ಲ. ಸ್ಪ್ರೂ ಎಳೆಗೆ ಹೆಚ್ಚೆಂದರೆ ಒಂದೆರಡು ನಿಮಿಷ, ಆದ್ದರಿಂದ ಬೆರಳುದ್ದದಷ್ಟು ಭಾಗವನ್ನೇ ಒಮ್ಮೆಗೆ ಮಾಡಬೇಕು.

ಬೆಸುಗೆಯ ಸ್ವಭಾವವನ್ನೂ ಗಮನಿಸಬೇಕು. ಕಾರ್ಖಾನೆಯಲ್ಲಿ ಹಾಕಿದ ಬೆಸುಗೆ ಉದ್ದಕ್ಕೂ ಒಂದೇ ಹದ. ಮೈದಾನದಲ್ಲಿ ಹಾಕಿದ್ದು ನಾಲ್ಕು ಬೆರಳು ಬೆಸೆದು, ಎರಡು ಬೆರಳು ಬಿಟ್ಟು, ಮತ್ತೆ ಬೆಸೆದದ್ದು. ಮೂಲೆಗಳಲ್ಲಿ ಎರಡೆರಡು ಪದರ. ನೆಟ್ಟಗಿನ ಸಂದುಗಳಲ್ಲಿ ಕರಗಿದ ಲೋಹ ಕೆಳಗೆ ಜಾರಿ ಹನಿಗಟ್ಟಿರುತ್ತದೆ. ಹಾಗಾಗಿ ಮೂಲ ಕಿಟ್‌ನ ಮೈಮೇಲಿರುವ ನಾಜೂಕು ಗೆರೆಗಳನ್ನು ಹಾಗೇ ಉಳಿಸಿ, ಹೊಸ ಹಲಗೆಯ ಸುತ್ತ ಮಾತ್ರ ಒರಟು ಕೈ ಆಡಿಸಿದೆ. ಎರಡರ ಅಂತರ ಪಕ್ಕಪಕ್ಕದಲ್ಲಿ ಕಂಡರೆ ಯಾವುದು ಕಾರ್ಖಾನೆಯ ಕೆಲಸ, ಯಾವುದು ತೋಟದ ಮರದಡಿಯ ಕೆಲಸ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಒಳಾಂಗಣದಲ್ಲೂ ಇದೇ ಹಟ. ಕಿಟ್‌ನ ನೆಲ ಬೋಳು, ಗೋಡೆ ಬೋಳು. ಆದರೆ ಪ್ರೀಸ್ಟ್ 69 ಗುಂಡುಗಳನ್ನು ಹೊರುತ್ತಿದ್ದ ವಾಹನ, ಏಳು ಮಂದಿ ಓಡಾಡುತ್ತಿದ್ದ ಜಾಗ. ಅಂಥಲ್ಲಿಂದ ಫಿರಂಗಿಯ ಪೀಠ ಮತ್ತು ಗೂಡುಗಳನ್ನು ಕಿತ್ತರೆ ಗುರುತು ಉಳಿಯದೆ ಇರುತ್ತದೆಯೇ? ಮೂಲ ಕಿಟ್‌ನಲ್ಲಿದ್ದ ಪೀಠವನ್ನೂ ಗೂಡುಗಳನ್ನೂ ಒಣದಾಗಿ ರೆಸಿನ್ ನೆಲದ ಮೇಲೆ ಇಟ್ಟು, ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದೆ. ಆ ಗೆರೆಗುಂಟ ಬೋಲ್ಟ್ ತೂತುಗಳನ್ನು 0.4 ಮಿ.ಮೀ. ಕೊರೆಕಡ್ಡಿಯಿಂದ ಕೊರೆದೆ. ಕೆಲವೆಡೆ ಕೊಯ್ದು ಬಿಟ್ಟ ಕೋನಪಟ್ಟಿಗಳ ಮೋಟುಗಳನ್ನು ಹಿತ್ತಾಳೆ ಚೂರುಗಳಿಂದ ನಿಲ್ಲಿಸಿದೆ. ಬಣ್ಣ ಹಚ್ಚುವಾಗ ಆ ಗೆರೆಯೊಳಗಿನ ಭಾಗಕ್ಕೆ ಹೊಸ ಬಣ್ಣದ ಕಾಂತಿ ಕೊಟ್ಟು, ಹೊರಗಿನ ಭಾಗವನ್ನು ಬೂಟುಗಾಲಿಗೆ ಸವೆದಂತೆ ಮಾಡಿದ್ದೇನೆ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದಾಗ ಕಾಣುವ ಚೌಕದಂತೆ, ಗೂಡು ಇದ್ದ ಜಾಗದ ಬಣ್ಣಕ್ಕೆ ಬಿಸಿಲೂ ಕಾಲೂ ತಾಗಿರುವುದಿಲ್ಲ.

ಕಿಟ್‌ನ ಸೂಚನೆ ಹಾಳೆ ಒಳಗೆಲ್ಲ ಬಿಳಿ ಬಣ್ಣ ಹಚ್ಚಲು ಹೇಳುತ್ತದೆ. ಅದನ್ನು ಕೇಳಬೇಡಿ. ಮುಚ್ಚಿದ ಟ್ಯಾಂಕುಗಳ ಒಳಗೆ ಬೆಳಕು ಹರಡಲೆಂದು ಬಿಳಿ ಬಳಿಯುತ್ತಿದ್ದರು. ಮೇಲ್ಛಾವಣಿಯೇ ಇಲ್ಲದ ಪ್ರೀಸ್ಟ್‌ಗೆ ಅದು ಆಕಾಶದಿಂದ ಕಾಣುವ ಗುರಿಹಲಗೆಯಾಗುತ್ತದೆ. ಹೊರಗಿನ ಆಲಿವ್ ಡ್ರಾಬ್ ಎಂಬ ಕಂದುಹಸಿರು ಬಣ್ಣವೇ ಒಳಕ್ಕೂ.

ಗಾಲಿ, ಚಕ್ರಪಟ್ಟಿಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪ್ರತಿ ಬದಿಗೆ 79 ಕೊಂಡಿಗಳು. ಈ ಕುಟುಂಬದ ವಾಹನಗಳಲ್ಲಿ ಪಟ್ಟಿ ಬಿಗಿಯಾಗಿರುತ್ತದೆ, ಜರ್ಮನ್ ಟ್ಯಾಂಕುಗಳಂತೆ ಮೇಲ್ಭಾಗದಲ್ಲಿ ಜೋತುಬೀಳಿಸಲು ಹೋಗಬೇಡಿ. ಗಾಲಿಗಳ ರಬ್ಬರ್ ಅಂಚಿನಲ್ಲಿ ಚಾಕುವಿನಿಂದ ಒಂದಿಷ್ಟು ಕಚ್ಚು ಹಾಕಿದೆ, ಅಷ್ಟೇ. ಮುಂದಿನ ಮಡ್‌ಗಾರ್ಡ್‌ಗಳಿಗೆ ಮಾತ್ರ ಸಮಯ ಕೊಟ್ಟೆ. ಟೋಟಲೈಸ್‌ನ ರಾತ್ರಿ ವಾಹನಗಳು ನಾಲ್ಕು ನಾಲ್ಕರ ಸಾಲಿನಲ್ಲಿ ಒತ್ತಾಗಿ ಹೊರಟವು. ದಿಕ್ಕು ತೋರಿಸಲು ಬೋಫರ್ಸ್ ತೋಪುಗಳಿಂದ ಬೆಳಕುಗುಂಡು ಹಾರಿಸಿದರು, ಸರ್ಚ್‌ಲೈಟ್‌ಗಳನ್ನು ಮೋಡಗಳತ್ತ ತಿರುಗಿಸಿ ಕೃತಕ ಬೆಳದಿಂಗಳು ತರಿಸಿದರು. ಆದರೂ ಎದ್ದ ಧೂಳಿನಲ್ಲಿ ಚಾಲಕರಿಗೆ ಮುಂದಿನ ವಾಹನವೇ ಕಾಣದೆ ಡಿಕ್ಕಿಗಳಾದವು. ಹೀಗಾಗಿ ಎಡಗಡೆಯ ಮಡ್‌ಗಾರ್ಡನ್ನು ಒಳಗಿನಿಂದ ಕಾಗದದಷ್ಟು ತೆಳುವಾಗುವವರೆಗೆ ಕೆರೆದು, ಚಿಮುಟದಿಂದ ಮಡಚಿ ಜಜ್ಜಿದೆ.

ಬಣ್ಣಕ್ಕೆ ಮೊದಲು ಬೂದು ಪ್ರೈಮರ್. ರೆಸಿನ್, ಪ್ಲಾಸ್ಟಿಕ್, ಹಿತ್ತಾಳೆ, ಪುಟ್ಟಿ ನಾಲ್ಕೂ ಒಂದೇ ಬಣ್ಣಕ್ಕೆ ಬಂದಾಗಲೇ ಬೆಸುಗೆಯ ಕೆಲಸ ಹೇಗೆ ಬಂದಿದೆ ಎಂದು ನಿಜವಾಗಿ ತಿಳಿಯುವುದು. ಮೈಗೆ ತಮಿಯಾ ಕಂಪನಿಯ ಎಕ್ಸ್‌ಎಫ್-62 ಆಲಿವ್ ಡ್ರಾಬ್. ಡಬ್ಬಿಯಲ್ಲಿದ್ದಂತೆಯೇ ಹೊಡೆದರೆ ಇಷ್ಟು ಚಿಕ್ಕ ಮಾದರಿಗೆ ತುಂಬ ಕಪ್ಪು, ಅದಕ್ಕೆ ಹಳದಿ ಛಾಯೆಯ ತಿಳಿ ಬಣ್ಣವನ್ನು ಬೆರೆಸಿ ಸಮತಲ ಮೈಗಳ ಮೇಲೆ ಎರಡನೆಯ ತೆಳು ಪದರ ಹೊಡೆದೆ. ಮುಂದಿನ ಹಲಗೆಗೆ ಬೇಕೆಂದೇ ಬೇರೆ ಬಣ್ಣ ಕೊಟ್ಟೆ, ಬ್ರಿಟಿಷರ ಎಸ್‌ಸಿಸಿ 15. ಅದೂ ಆಲಿವ್ ಡ್ರಾಬ್ ಎಂದೇ ಕರೆಸಿಕೊಳ್ಳುತ್ತದೆ, ಆದರೆ ಅಮೆರಿಕದ ಬಣ್ಣಕ್ಕಿಂತ ಹಸಿರು ಹೆಚ್ಚು. ಏರ್‌ಬ್ರಷ್ ಬದಿಗಿಟ್ಟು ಕುಂಚದಿಂದಲೇ ಹಚ್ಚಿ, ಗೆರೆಗಳನ್ನು ಉಳಿಸಿಕೊಂಡೆ. ಬಣ್ಣ ಹಲಗೆಯ ಅಂಚು ದಾಟಿ ಹಳೆಯ ಮೈಮೇಲೂ ಒಂದಿಷ್ಟು ಹರಿದಿದೆ. ಬೆಸುಗೆಯ ಶಾಖಕ್ಕೆ ಸುತ್ತಲ ಹಳೆಯ ಬಣ್ಣ ಸುಟ್ಟು ಕಂದಿರುತ್ತದೆ, ಅದಕ್ಕೆ ಕಂದುಕಪ್ಪಿನ ತೀರ ತೆಳುವಾದ ಪದರವನ್ನು ಗೆರೆಗುಂಟ ಹೊಡೆದೆ.

ತುಕ್ಕಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಹಲಗೆ ಬೆಸೆದು ಕೆಲವೇ ದಿನಗಳಾಗಿವೆ, ಬೇಸಿಗೆಯ ಒಣ ಹವೆ. ಕೊಯ್ದ ಅಂಚಿನಲ್ಲಿ ಕಿತ್ತಳೆ ಛಾಯೆಯ ಸಣ್ಣ ಚುಕ್ಕೆಗಳಷ್ಟೇ. ವಾಹನದ ಉಳಿದ ಮೈಗೆ ಮಾತ್ರ ಎರಡು ತಿಂಗಳ ಯುದ್ಧದ ಸವೆತ ಇದೆ. ಇದೇ ರೆಜಿಮೆಂಟ್‌ಗಳ ಪ್ರೀಸ್ಟ್‌ಗಳು ಜೂನ್ 6ರಂದು ದಡ ಸೇರುವ ಮೊದಲೇ ದೋಣಿಗಳ ಮೇಲಿನಿಂದ ಗುಂಡು ಹಾರಿಸಿದ್ದವು. ಉಪ್ಪುನೀರು ಕುಡಿದ ಬೋಲ್ಟುಗಳ ಸುತ್ತ ಹಳೆಯ ಕಡುಕಂದು ತುಕ್ಕಿರಲಿ, ಹೊಸ ಹಲಗೆಯ ಮೇಲೆ ಬೇಡ. ತುಕ್ಕಿನ ವಯಸ್ಸು ಎರಡು ಕಡೆ ಎರಡು ಬಗೆ.

ಗುರುತುಗಳಲ್ಲಿ ಬಿಳಿ ನಕ್ಷತ್ರ ಇರಲೇಬೇಕು. ಫಿರಂಗಿ ದಳದ ಕೆಂಪು-ನೀಲಿ ಚೌಕದ ಡೆಕಾಲ್ ಮೊದಲು ಅಂಟಿಸಿ, ಅದರ ಮೇಲೆ ಎಸ್‌ಸಿಸಿ 15 ಬಣ್ಣವನ್ನು ಚೌಕಾಕಾರವಾಗಿ ಒರೆಸಿದಂತೆ ಹಚ್ಚಿದೆ. ಕೆಂಪಿನ ಒಂದು ಮೂಲೆ ಮಾತ್ರ ಇಣುಕುತ್ತದೆ. ವಾಹನ ಈಗ ಫಿರಂಗಿಯವರದಲ್ಲ ಎಂದು ಹೇಳಲು ಅಷ್ಟು ಸಾಕು. ಡೆಕಾಲ್ ಅಂಟಿಸುವ ಮೊದಲೂ ಆಮೇಲೂ ಹೊಳಪಿನ ವಾರ್ನಿಷ್ ಹೊಡೆಯಬೇಕು, ಇಲ್ಲದಿದ್ದರೆ ಪದರದ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಛಾಯೆ ಬರುತ್ತದೆ. ಅದರ ಮೇಲೆ ಎನಾಮಲ್ ವಾಶ್, ಅಂದರೆ ನೀರಿನಂತೆ ತೆಳುಗೊಳಿಸಿದ ಕಡುಬಣ್ಣ. ಅಕ್ರಿಲಿಕ್ ಬಣ್ಣವನ್ನು ಅದು ಕರಗಿಸುವುದಿಲ್ಲ, ಹೆಚ್ಚಾದದ್ದನ್ನು ತಿನ್ನರ್ ಅದ್ದಿದ ಕುಂಚದಿಂದ ಒರೆಸಿ ತೆಗೆಯಬಹುದು. ಒರಟು ಬೆಸುಗೆಯ ಕಚ್ಚುಗಳಲ್ಲಿ ವಾಶ್ ನಿಂತಾಗ, ಅಷ್ಟು ಹೊತ್ತು ಒತ್ತಿದ ಅರ್ಧಚಂದ್ರಗಳೆಲ್ಲ ಒಮ್ಮೆಗೇ ಎದ್ದು ಬಂದವು.

ಕೊನೆಗೆ ಧೂಳು. ಕಾನ್-ಫಲೇಜ್ ಬಯಲಿನದು ಸುಣ್ಣಕಲ್ಲಿನ ನೆಲ, ಧೂಳು ತೆಳು ಹಳದಿ ಬೆರೆತ ಬಿಳಿ. ಕೆಮ್ಮಣ್ಣಿನ ಬಣ್ಣದ ಪಿಗ್ಮೆಂಟ್ (ಒಣ ಬಣ್ಣದ ಪುಡಿ) ಇಲ್ಲಿಗೆ ಹೊಂದದು. ಮ್ಯಾಟ್ ವಾರ್ನಿಷ್ ಮೊದಲು, ಪಿಗ್ಮೆಂಟ್ ಆಮೇಲೆ. ಅದಲು ಬದಲಾದರೆ ವಾರ್ನಿಷ್ ತಗುಲಿ ಧೂಳೆಲ್ಲ ಮಾಯವಾಗುತ್ತದೆ. ಗೋಧಿ ಗದ್ದೆಗಳನ್ನು ಸೀಳಿಕೊಂಡು ಹೋದ ವಾಹನ ಎಂದು ಗಾಲಿಗಳ ಸಂದುಗಳಲ್ಲಿ ಸಣ್ಣಗೆ ಕತ್ತರಿಸಿದ ಸೆಣಬಿನ ನಾರನ್ನೂ ಸಿಕ್ಕಿಸಿದ್ದೇನೆ.

ಆಳುಗಳಿಲ್ಲದ ಕಾಂಗರೂ ಬರೀ ಖಾಲಿ ಡಬ್ಬಿ, ಆದ್ದರಿಂದ ಆರು ಮಂದಿಯನ್ನು ಒಳಗೆ ಕೂರಿಸುತ್ತಿದ್ದೇನೆ. ಕೆನಡಾದ ಸಮವಸ್ತ್ರ ಬ್ರಿಟಿಷರದಕ್ಕಿಂತ ಹಸಿರು, ಕಂದು ಡಬ್ಬಿಯನ್ನು ತೆರೆಯಬೇಡಿ. ಟೋಪಿಯಲ್ಲೂ ಎಚ್ಚರ ಬೇಕು. ಕಿಟ್‌ಗಳಲ್ಲಿ ಸಿಗುವ ಕೆನಡಾದ ಆಳುಗಳಿಗೆ ಆಮೆ ಬೆನ್ನಿನ ಮಾರ್ಕ್ 3 ಶಿರಸ್ತ್ರಾಣ ಇರುವುದುಂಟು. ಅದು ಡಿ-ಡೇ ದಿನ, ಅಂದರೆ ಜೂನ್ 6ರಂದು, ನಾರ್ಮಂಡಿಯಲ್ಲಿ ಇಳಿದ 3ನೇ ಡಿವಿಷನ್‌ನವರ ಗುರುತು. ಈ ವಾಹನದಲ್ಲಿ ಕೂರುವವರು 2ನೇ ಡಿವಿಷನ್‌ನ 4ನೇ ಬ್ರಿಗೇಡ್‌ನವರು, ಅವರಲ್ಲಿ ಹೆಚ್ಚಿನವರದು ಬೋಗುಣಿಯಾಕಾರದ ಹಳೆಯ ಮಾರ್ಕ್ 2. ಬ್ರಿಟಿಷ್ ಕಾಲಾಳುಗಳ ಇನ್ನೊಂದು ಪೆಟ್ಟಿಗೆಯಿಂದ ತಲೆಗಳನ್ನು ಎರವಲು ತಂದು ಕತ್ತು ಬದಲಿಸಿದೆ. ನಾಲ್ವರು ಸಿದ್ಧರಾಗಿ ಕುಳಿತಿದ್ದಾರೆ. ಉಳಿದಿಬ್ಬರ ಮುಖಕ್ಕೆ ಬಣ್ಣ ಹಚ್ಚಿ, ಹಿಂದಿನ ಗೋಡೆಗೆ ಒರಗಿಸಿದ ಬ್ರೆನ್ ಗನ್‌ನ ಮುರಿದ ಕಾಲನ್ನು ಸರಿಪಡಿಸಿದರೆ ಕೆಲಸ ಮುಗಿಯುತ್ತದೆ.